ಓಗೊಡುವಷ್ಟು ಹೊತ್ತು: ದೂರದ ವೈ-ಫೈ ಕೆಡುವುದೇಕೆ, ಸರಿಪಡಿಸುವುದು ಹೇಗೆ?

ಕೆರೆಯ ಈ ದಡದಲ್ಲಿ ನಿಂತವನೊಬ್ಬನು ಆ ದಡದಲ್ಲಿ ದನ ಮೇಯಿಸುತ್ತಿರುವ ಗೆಳೆಯನನ್ನು ಕೂಗಿ ಕರೆದನೆನ್ನಿ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಕೆರೆಯ ಅಗಲವೂ 340 ಮೀಟರಾದರೆ, ಕೂಗು ಆಚೆ ದಡವನ್ನು ಮುಟ್ಟಲು ಒಂದು ಸೆಕೆಂಡು, ಅಲ್ಲಿಂದ “ಓ” ಎಂಬ ಉತ್ತರ ಬರಲು ಇನ್ನೊಂದು ಸೆಕೆಂಡು ಬೇಕು. ಕೂಗಿದವನು ಎರಡು ಸೆಕೆಂಡು ತಾಳ್ಮೆಯಿಂದ ಕಾದರೆ ಮಾತುಕತೆ ನಡೆಯುತ್ತದೆ. ಒಂದೇ ಸೆಕೆಂಡು ಕಾದು, “ಅವನಿಗೆ ಕೇಳಿಸಲಿಲ್ಲ” ಎಂದು ತೀರ್ಮಾನಿಸಿ ಮತ್ತೆ ಮತ್ತೆ ಕೂಗುತ್ತಿದ್ದರೆ? ಗೆಳೆಯನು ಪ್ರತಿ ಸಲವೂ ಓಗೊಡುತ್ತಲೇ ಇರುತ್ತಾನೆ; ಈತನು ಮಾತ್ರ ಯಾವ ಓಗೊಡುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಗಂಟಲು ಹರಿದುಕೊಳ್ಳುತ್ತಾನೆ. ಇಬ್ಬರ ಗಂಟಲಿನಲ್ಲಿಯೂ ದೋಷವಿಲ್ಲ, ಕಿವಿಯಲ್ಲಿಯೂ ದೋಷವಿಲ್ಲ. ದೋಷವಿರುವುದು ಕಾಯುವ ಅವಧಿಯಲ್ಲಿ.

ಮನೆಮನೆಗಳಲ್ಲಿ ಇಂದು ಬಳಕೆಯಲ್ಲಿರುವ ವೈ-ಫೈ ಎಂಬ ನಿಸ್ತಂತು ಸಂಪರ್ಕವನ್ನು ಊರಿನಿಂದ ಊರಿಗೆ ಚಾಚಲು ಹೊರಟವರಿಗೆಲ್ಲ ಎದುರಾದ ಮೊದಲ ತೊಡಕು ಇದೇ. ಇದರ ಕಾರಣವನ್ನು ತಿಳಿದು ಇದನ್ನು ಸರಿಪಡಿಸಿದ ಬಗೆಯು ಮುಕ್ತ ತಂತ್ರಾಂಶವು ಹೇಗೆ ಕಟ್ಟಲ್ಪಡುತ್ತದೆ, ಹೇಗೆ ದುರಸ್ತಿಯಾಗುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಗರದಲ್ಲಿ ವೇಗವಾದ ಅಂತರಜಾಲ ಸಂಪರ್ಕವುಂಟು. ಹಳ್ಳಿಯ ಶಾಲೆಗೆ ನೆಲದೊಳಗಿನ ತಂತುವಿನ ಜೊತೆಗೆ ಇನ್ನೊಂದು ದಾರಿಯೂ ಇರಲಿ, ರಸ್ತೆ ಅಗೆಯುವಾಗ ತಂತು ತುಂಡಾದರೆ ಪಾಠ ನಿಲ್ಲದಿರಲಿ ಎಂದು ಕೆಲವು ವಿದ್ಯಾರ್ಥಿಗಳು ಬಯಸಿದರೆನ್ನಿ. ನಗರದ ಎತ್ತರದ ಕಟ್ಟಡವೊಂದರ ಮೇಲೆ ಒಂದು ತಟ್ಟೆಯಾಕಾರದ ಆಂಟೆನಾ, ಹಳ್ಳಿಯಲ್ಲಿ ಕಂಬದ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಎರಡಕ್ಕೂ ಅಗ್ಗದ ರೂಟರುಗಳು. ಲೆಕ್ಕ ಸುಲಭವಾಗಲೆಂದು ಎರಡು ಆಂಟೆನಾಗಳ ನಡುವಣ ನೇರ ದೂರ 15 ಕಿಲೋಮೀಟರು ಎಂದಿಟ್ಟುಕೊಳ್ಳೋಣ.

ಇಲ್ಲಿ ರೇಡಿಯೋ ಪ್ರಸಾರಕ್ಕೂ ವೈ-ಫೈಗೂ ಇರುವ ಭೇದವನ್ನು ಗಮನಿಸಬೇಕು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಸಾರಕೇಂದ್ರವನ್ನು ತೆರೆದು ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದಾಗ, ಆ ಕೇಂದ್ರವು ಹೇಳುತ್ತಿತ್ತು, ಕೇಳುಗರು ಕೇಳುತ್ತಿದ್ದರು. ಕೇಳಿಸಿತೆಂದು ಯಾರೂ ಮರಳಿ ಹೇಳಬೇಕಾಗಿರಲಿಲ್ಲ. ವೈ-ಫೈ ಹಾಗಲ್ಲ, ಅದು ಸಂಭಾಷಣೆ. ಕಳುಹಿಸಬೇಕಾದ ಸಮಾಚಾರವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಒಂದೊಂದನ್ನೂ ಗಾಳಿಯಲ್ಲಿ ಬಿಟ್ಟು, ತಲಪಿತೆಂಬ ಓಗೊಡುವಿಕೆ ಬಂದ ಮೇಲೆಯೇ ಮುಂದಿನದನ್ನು ಬಿಡುವುದು ಅದರ ಮೂಲ ನಿಯಮ. ಓಗೊಡುವಿಕೆ ಬಾರದಿದ್ದರೆ ಅದೇ ಪೊಟ್ಟಣವನ್ನು ಮತ್ತೆ ಕಳುಹಿಸುತ್ತದೆ.

ರೂಟರಿನೊಳಗೆ ಈ ಕೆಲಸವನ್ನೆಲ್ಲ ಮಾಡುವುದು ಒಂದೇ ಒಂದು ಕ್ರಮವಿಧಿಯಲ್ಲ. ನಮ್ಮ ಹಳೆಯ ಮನೆಗಳಲ್ಲಿ ಗಡಿಗೆಯ ಮೇಲೆ ಗಡಿಗೆಯಿಟ್ಟು ಅಡಕಲು ಕಟ್ಟುತ್ತಿದ್ದರಷ್ಟೆ. ನಿಸ್ತಂತು ತಂತ್ರಾಂಶವೂ ಅಂಥದೊಂದು ಅಡಕಲೇ. ಎಲ್ಲಕ್ಕಿಂತ ಮೇಲೆ ನಾವು ನೋಡುವ ಚಿತ್ರ, ಓದುವ ಪುಟ. ಅದರ ಕೆಳಗೆ ಪೊಟ್ಟಣಗಳಿಗೆ ವಿಳಾಸ ಬರೆದು ದಾರಿ ಹಚ್ಚುವ ಸ್ತರ. ಅದಕ್ಕೂ ಕೆಳಗೆ ಗಾಳಿಯಲ್ಲಿ ಯಾರು ಯಾವಾಗ ಮಾತನಾಡಬೇಕೆಂಬುದನ್ನು ನಿರ್ಣಯಿಸುವ ಸ್ತರ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದಕ್ಕೆ ‘ಮ್ಯಾಕ್80211’ ಎಂದು ಹೆಸರು, 2007ರಿಂದ ಬಳಕೆಯಲ್ಲಿದೆ. ಅದರ ಅಡಿಯಲ್ಲಿ, ಒಂದೊಂದು ಕಂಪನಿಯ ಚಿಪ್ಪಿಗೂ ಒಗ್ಗುವ ಚಾಲಕ ಕ್ರಮವಿಧಿ. ಕಟ್ಟಕಡೆಯ ಗಡಿಗೆಯೇ ಚಿಪ್ಪು. ಮೇಲಿನ ಗಡಿಗೆಗಳು ಕೆಳಗಿನವನ್ನು ನಂಬಿ ನಿಂತಿರುತ್ತವೆ. ಬುಡದಲ್ಲೊಂದು ಓರೆಯಾದರೆ ತುದಿಯವರೆಗೂ ಅಲುಗಾಟ.

ಇನ್ನು ಲೆಕ್ಕಕ್ಕೆ ಬರೋಣ. ರೇಡಿಯೋ ತರಂಗಗಳು ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಚಲಿಸುವುದರಿಂದ, ಮೈಕ್ರೊಸೆಕೆಂಡಿಗೆ, ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗೆ, ಅವು 300 ಮೀಟರು ಕ್ರಮಿಸುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಯ ವೈ-ಫೈಯಲ್ಲಿ ಪೊಟ್ಟಣವು ಪೂರ್ತಿಯಾಗಿ ಬಂದು ಸೇರಿದ ಬಳಿಕ ಗ್ರಾಹಕಯಂತ್ರವು 16 ಮೈಕ್ರೊಸೆಕೆಂಡು ತಡೆದು ಓಗೊಡಬೇಕು. ಕಳುಹಿಸಿದ ಯಂತ್ರವು ಅದರ ಮೇಲೆ ಇನ್ನೊಂದು ‘ಸ್ಲಾಟ್’ ಅವಧಿ, ಎಂದರೆ 9 ಮೈಕ್ರೊಸೆಕೆಂಡು ಕಾಯುತ್ತದೆ. ಒಟ್ಟು 25, ಸಂಕೇತವನ್ನು ಗುರುತಿಸಲು ತಗಲುವ ಅಲ್ಪಕಾಲ ಇದಕ್ಕೆ ಸೇರುತ್ತದೆ. ಮನೆಯೊಳಗೆ, ಶಾಲೆಯ ಅಂಗಳದಲ್ಲಿ, ಈ ಅವಧಿ ಧಾರಾಳವಾಗಿ ಸಾಕು. ನಿಯಮ ಮಾಡಿದವರ ಕಣ್ಣಮುಂದೆ ಇದ್ದದ್ದು ಕಟ್ಟಡ, ಕಚೇರಿಗಳೇ ಹೊರತು ಭದ್ರಾ ನಾಲೆಯ ಬಯಲುಸೀಮೆಯಲ್ಲ.

ಲೋಕಿಕೆರೆಯ 15 ಕಿಲೋಮೀಟರನ್ನು ದಾಟಲು ತರಂಗಕ್ಕೆ 50 ಮೈಕ್ರೊಸೆಕೆಂಡು ಬೇಕು. ಹೋಗಿ ಬರಲು 100. ಕಾಯುವ ಅವಧಿಯೋ 25ರ ಸುಮಾರು. ಓಗೊಡುವಿಕೆ ಇನ್ನೂ ದಾರಿಯಲ್ಲಿರುವಾಗಲೇ ದಾವಣಗೆರೆಯ ಯಂತ್ರವು “ಪೊಟ್ಟಣ ಕಳೆದುಹೋಯಿತು” ಎಂದು ತೀರ್ಮಾನಿಸಿ ಮತ್ತೆ ಕಳುಹಿಸುತ್ತದೆ. ನಾಲ್ಕು ಸಲ, ಏಳು ಸಲ ಹೀಗೆಯೇ ಮಾಡಿ ಕೊನೆಗೆ ಕೈಬಿಡುತ್ತದೆ. ಲೋಕಿಕೆರೆಯ ಯಂತ್ರಕ್ಕೆ ಮೊದಲ ಸಲವೇ ಪೊಟ್ಟಣ ಸಿಕ್ಕಿರುತ್ತದೆ. ಕ್ರಮಸಂಖ್ಯೆಯನ್ನು ನೋಡಿ ಮಿಕ್ಕವನ್ನು ಅದು ಎಸೆದುಬಿಡುತ್ತದೆ.

ಇದರ ಪರಿಣಾಮವು ವಿಚಿತ್ರವಾದುದು. ಸಂಪರ್ಕವು ಪೂರ್ತಿಯಾಗಿ ಸತ್ತುಹೋಗುವುದಿಲ್ಲ. ರೂಟರು ತನ್ನ ಹೆಸರನ್ನು ಸಾರುವ ಸಂಕೇತಗಳಿಗೆ ಓಗೊಡುವಿಕೆ ಬೇಕಿಲ್ಲವಾದ್ದರಿಂದ ಅವು ಸ್ಪಷ್ಟವಾಗಿ ಬಂದು ಸೇರುತ್ತವೆ. ಸಂಪರ್ಕ ಕೂಡಿಕೊಳ್ಳುತ್ತದೆ, ಸಣ್ಣ ಪರೀಕ್ಷೆಗಳೆಲ್ಲ ಸಾಗುತ್ತವೆ. ಆದರೆ ಚಲಚ್ಚಿತ್ರದ ಪಾಠವೊಂದನ್ನು ತೆರೆದರೆ ಗಳಿಗೆಗೊಮ್ಮೆ ನಿಲ್ಲುತ್ತದೆ. ಸಾಲದ್ದಕ್ಕೆ, ತಂತ್ರಾಂಶದ ಇನ್ನೊಂದು ಭಾಗ ಪದೇ ಪದೇ ಆಗುವ ಈ ‘ನಷ್ಟ’ವನ್ನು ಕಂಡು, ಗಾಳಿ ಕೆಟ್ಟಿದೆಯೆಂದು ಭಾವಿಸಿ, ತಾನಾಗಿಯೇ ವೇಗವನ್ನು ಇನ್ನಷ್ಟು ತಗ್ಗಿಸುತ್ತದೆ. ನೋಡುವವರಿಗೆ ಇದು ತರಂಗದ ಬಲ ಸಾಲದ ಹಾಗೆಯೇ ತೋರುವುದು. ಕಂಬವನ್ನು ಎತ್ತರಿಸುತ್ತಾರೆ, ದೊಡ್ಡ ಆಂಟೆನಾ ಕೊಳ್ಳುತ್ತಾರೆ, ತೆಂಗಿನ ಗರಿಗಳನ್ನೂ ಮಳೆಯನ್ನೂ ದೂರುತ್ತಾರೆ. ಹಣ ಖರ್ಚಾಗುತ್ತದೆ, ಸಂಪರ್ಕ ಮಾತ್ರ ಮೊದಲಿನಂತೆಯೇ.

ರೋಗನಿರ್ಣಯಕ್ಕೆ ಬೇಕಾದ ಸಾಧನ ರೂಟರಿನೊಳಗೇ ಇದೆ. ಲಿನಕ್ಸಿನ ‘ಐಡಬ್ಲ್ಯು’ ಎಂಬ ಉಪಕರಣವು ಎದುರಿನ ಯಂತ್ರದ ವಿಷಯವಾಗಿ ತರಂಗದ ಬಲವೆಷ್ಟು, ಕಳುಹಿಸಿದ ಪೊಟ್ಟಣಗಳೆಷ್ಟು, ಮರಳಿ ಕಳುಹಿಸಿದವೆಷ್ಟು, ಕೈಬಿಟ್ಟವೆಷ್ಟು ಎಂಬುದನ್ನೆಲ್ಲ ಅಂಕಿಗಳಲ್ಲಿ ತೋರಿಸುತ್ತದೆ. ಬಲ ಕಡಮೆಯಿದ್ದು ಮರುಕಳುಹಿಕೆ ಹೆಚ್ಚಿದ್ದರೆ ದೋಷ ಆಂಟೆನಾದ್ದೋ ಮರದ್ದೋ ಇರಬಹುದು. ಬಲ ಚೆನ್ನಾಗಿದ್ದೂ ಮರುಕಳುಹಿಕೆ ಕಳುಹಿಕೆಯ ಹಲವು ಪಟ್ಟು ಇದ್ದರೆ, ಕಾಯುವ ಅವಧಿಯ ಮೇಲೆ ಗುಮಾನಿ ಬರಬೇಕು. ವೈದ್ಯನು ನಾಡಿ ನೋಡದೆ ಔಷಧ ಕೊಡನು; ಇಲ್ಲಿಯೂ ಈ ಎರಡು ಅಂಕಿಗಳನ್ನು ನೋಡದೆ ಕಂಬ ಹತ್ತಬಾರದು.

ಕಾರಣ ತಿಳಿಯಿತು. ಆ ಅವಧಿಯನ್ನು ತಿದ್ದುವುದು ಹೇಗೆ? ಅಡಕಲಿನ ಬುಡದ ಗಡಿಗೆಗೆ ಕೈಹಾಕಬೇಕು, ಆದರೆ ಬಹುಕಾಲ ಆ ಗಡಿಗೆಯ ಬಾಯಿ ಮುಚ್ಚಿತ್ತು. ಆ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಲಿಂಕ್‌ಸಿಸ್ ಕಂಪನಿಯ ‘ಡಬ್ಲ್ಯುಆರ್‌ಟಿ54ಜಿ’ ಎಂಬ ನೀಲಿ-ಕಪ್ಪು ಬಣ್ಣದ ರೂಟರಿನೊಳಗೆ ಲಿನಕ್ಸ್ ಅಡಗಿದೆಯೆಂಬುದನ್ನು 2003ರಲ್ಲಿ ಆಸಕ್ತರು ಪತ್ತೆಮಾಡಿದರು. ಲಿನಕ್ಸಿನ ಪರವಾನಗಿಯ ಷರತ್ತು ಇಷ್ಟು: ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಮಾರಲೂಬಹುದು, ಆದರೆ ಹಂಚಿದವರು ತಾವು ತಿದ್ದಿದ ಮೂಲಪಾಠವನ್ನೂ ಪಡೆದವರಿಗೆ ಕೊಡತಕ್ಕದ್ದು. ಒತ್ತಾಯಕ್ಕೆ ಮಣಿದು ಕಂಪನಿಯು ಮೂಲಪಾಠವನ್ನು ಪ್ರಕಟಿಸಿತು. ಅದರ ಆಧಾರದ ಮೇಲೆ 2004ರಲ್ಲಿ ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಮುಕ್ತ ತಂತ್ರಾಂಶವು ಹುಟ್ಟಿಕೊಂಡಿತು; ಇಂದು ನೂರಾರು ಮಾದರಿಯ ರೂಟರುಗಳ ಮೇಲೆ ಅದು ಓಡುತ್ತದೆ.

ಆದರೂ ಬುಡದ ಗಡಿಗೆ ತೆರೆಯಲಿಲ್ಲ. ಪ್ರಕಟಗೊಂಡ ಮೂಲಪಾಠದಲ್ಲಿ ನಿಸ್ತಂತು ಚಿಪ್ಪಿನ ಚಾಲಕವು ಸೇರಿರಲಿಲ್ಲ. ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕಿಗಳ ಮುದ್ದೆಯಾಗಿಯೇ ಅದು ಉಳಿಯಿತು. ಅಥೆರಾಸ್ ಎಂಬ ಮತ್ತೊಂದು ಕಂಪನಿಯ ಚಿಪ್ಪುಗಳಿಗೂ ಅದೇ ಗತಿ. ಚಾಲಕದ ಮೇಲ್ಭಾಗ ತೆರೆದಿದ್ದು, ಚಿಪ್ಪನ್ನು ಮುಟ್ಟುವ ಕೆಳಭಾಗ ಮುಚ್ಚಿತ್ತು. ಕಂಪನಿಯು ಇಟ್ಟ ಕೆಲವು ತಿರುಗುಣಿಗಳನ್ನು ತಿರುಗಿಸಬಹುದಿತ್ತೇ ವಿನಾ ಒಳಗೆ ಏನು ನಡೆಯುತ್ತದೆಂಬುದನ್ನು ಓದುವಂತಿರಲಿಲ್ಲ. 2008ರಲ್ಲಿ ಅಥೆರಾಸ್ ಮನಸ್ಸು ಬದಲಿಸಿ ಹೊಸ ಚಿಪ್ಪುಗಳಿಗೆ ಪೂರ್ಣ ಮುಕ್ತವಾದ ‘ಎಟಿಎಚ್9ಕೆ’ ಚಾಲಕವನ್ನು ಕೊಟ್ಟಿತು. ಹಳೆಯ ಕೆಳಭಾಗದ ಮೂಲಪಾಠವನ್ನೂ ಬಿಡುಗಡೆ ಮಾಡಿತು. ದೂರದ ಊರುಗಳಿಗೆ ಜಾಲ ಕಟ್ಟುವವರ ಪಾಲಿಗೆ ಆ ವರುಷ ಎಷ್ಟು ದೊಡ್ಡದೆಂಬುದನ್ನು ಚರಿತ್ರೆ ಬರೆಯುವವರು ಇನ್ನೂ ಸಾಕಷ್ಟು ಗಮನಿಸಿಲ್ಲವೆಂದು ನನ್ನ ಅಭಿಪ್ರಾಯ.

ಚಿಪ್ಪಿನೊಳಗೆ ‘ರಿಜಿಸ್ಟರ್’ಗಳೆಂಬ ಪುಟ್ಟ ಅಂಕಣಗಳಿವೆ. ಓಗೊಡುವಿಕೆಗೆ ಎಷ್ಟು ಕಾಯಬೇಕೆಂಬುದು ಅಂಥ ಒಂದು ಅಂಕಣದಲ್ಲಿ ಬರೆದಿರುವ ಅಂಕಿ. ಇದನ್ನು ಚಿಪ್ಪಿಗೇ ಬಿಟ್ಟಿರುವುದೇಕೆಂದರೆ, 16 ಮೈಕ್ರೊಸೆಕೆಂಡಿನೊಳಗೆ ಉತ್ತರಿಸುವ ಕೆಲಸ ಹತ್ತು ಕೆಲಸಗಳಲ್ಲಿ ಮುಳುಗಿರುವ ಸಾಧಾರಣ ಗಣಕದ ಕೈಲಾಗದು. ತಂತ್ರಾಂಶವು ಅಂಕಿಯನ್ನು ಬರೆಯುತ್ತದೆ, ಕಾಯುವುದು ಚಿಪ್ಪು. ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇದಕ್ಕೆ ‘ವ್ಯಾಪ್ತಿ ವರ್ಗ’ ಎಂಬ ಅಳತೆಯುಂಟು: ವರ್ಗವೊಂದು ಏರಿದರೆ ಕಾಯುವ ಅವಧಿಗೆ 3 ಮೈಕ್ರೊಸೆಕೆಂಡು ಸೇರುತ್ತದೆ. ಮೂರು ಮೈಕ್ರೊಸೆಕೆಂಡಿನಲ್ಲಿ ತರಂಗ 900 ಮೀಟರು ಹೋಗುವುದರಿಂದ, ಹೋಗಿ ಬರುವ ಲೆಕ್ಕದಲ್ಲಿ ಒಂದು ವರ್ಗಕ್ಕೆ 450 ಮೀಟರು ದೂರ. ಲಿನಕ್ಸಿನ ಉಪಕರಣಕ್ಕೆ ದೂರವನ್ನು ಮೀಟರುಗಳಲ್ಲಿ ಹೇಳಿದರೆ ಅದು ಆ ಸಂಖ್ಯೆಗೆ 449 ಕೂಡಿಸಿ 450ರಿಂದ ಭಾಗಿಸಿ, ಶೇಷವನ್ನು ಬಿಟ್ಟು, ಭಾಗಲಬ್ಧವನ್ನು ವರ್ಗವಾಗಿ ಇಟ್ಟುಕೊಳ್ಳುತ್ತದೆ. 449ನ್ನು ಕೂಡಿಸುವುದು ಉತ್ತರವನ್ನು ಯಾವಾಗಲೂ ಮೇಲಕ್ಕೇ ದುಂಡಾಗಿಸಲೆಂದು. ನಮ್ಮ 15,000 ಮೀಟರಿಗೆ 15,449ನ್ನು 450ರಿಂದ ಭಾಗಿಸಿದರೆ 34. ಮೂವತ್ತನಾಲ್ಕು ಮೂರಲೆ 102 ಮೈಕ್ರೊಸೆಕೆಂಡು. ಬೇಕಾದದ್ದು 100, ಸರಿಹೋಯಿತು.

ಇಲ್ಲೊಂದು ಸ್ವಾರಸ್ಯವುಂಟು. ನಿಯಮಾವಳಿಯ ಪಟ್ಟಿ 31ನೆಯ ವರ್ಗಕ್ಕೇ ನಿಂತುಬಿಡುತ್ತದೆ. ಅಂದರೆ ಸುಮಾರು 14 ಕಿಲೋಮೀಟರಿಗೆ. ಲಿನಕ್ಸಿನವರು 255ರವರೆಗೂ ಜಾಗ ಬಿಟ್ಟಿದ್ದಾರೆ. ಹಾಗೆ ಬಿಡದಿದ್ದರೆ ನಮ್ಮ ಉದಾಹರಣೆಯ ಲೋಕಿಕೆರೆ ಪಟ್ಟಿಯ ಹೊರಗೇ ಉಳಿಯುತ್ತಿತ್ತು.

ಪ್ರತಿಯೊಂದು ಸಂಪರ್ಕಕ್ಕೂ ದೂರವನ್ನು ಅಳೆದು ಬರೆಯುವುದು ಬೇಸರದ ಕೆಲಸ. 2014ರಲ್ಲಿ ಎಟಿಎಚ್9ಕೆ ಚಾಲಕಕ್ಕೆ ಹೊಸ ಸೌಲಭ್ಯವೊಂದು ಸೇರಿತು: ಪೊಟ್ಟಣ ಹೊರಟ ವೇಳೆಯನ್ನೂ ಓಗೊಡುವಿಕೆ ಬಂದ ವೇಳೆಯನ್ನೂ ಗುರುತಿಸಿಕೊಂಡು ಚಾಲಕವು ತಾನೇ ಕಾಯುವ ಅವಧಿಯನ್ನು ಅಂದಾಜುಮಾಡುತ್ತದೆ. ಮುಂದಿನ ತಲೆಮಾರಿನ ಚಿಪ್ಪುಗಳು ಬಂದಾಗ ಮತ್ತೆ ತೊಡಕು. ಅವುಗಳೊಳಗೆ ಕಂಪನಿಯದೇ ಆದ ಮುಚ್ಚಿದ ‘ಫರ್ಮ್‌ವೇರ್’ ಓಡುತ್ತಿತ್ತು. ದೂರವನ್ನು ಹೊಂದಿಸುವ ಸೌಲಭ್ಯ ಅದರಲ್ಲಿರಲಿಲ್ಲ. 2016ರಲ್ಲಿ ಮುಕ್ತ ತಂತ್ರಾಂಶದವರು ಹುಡುಕಿದ ಉಪಾಯವು ಕಿಲಾಡಿಯದು: ಚಾಲಕವು ಫರ್ಮ್‌ವೇರಿನ ಬೆನ್ನ ಹಿಂದೆ ನೇರವಾಗಿ ರಿಜಿಸ್ಟರಿನಲ್ಲಿ ಅಂಕಿಯನ್ನು ಬರೆಯುತ್ತದೆ, ಫರ್ಮ್‌ವೇರು ಅದನ್ನು ಅಳಿಸಿ ಹಳೆಯದನ್ನಿಟ್ಟ ಸುಳಿವು ಸಿಕ್ಕಿದೊಡನೆ ಮತ್ತೆ ಬರೆಯುತ್ತದೆ. ಬರೆದವರೇ ಇದನ್ನು ಸೊಗಸಾದ ಪರಿಹಾರವೆಂದು ಹೇಳಿಕೊಂಡಿಲ್ಲ. ಆದರೆ ಕೆಲಸ ನಡೆಯುತ್ತದೆ.

ಕಾಯುವ ಅವಧಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ವಾಚಕರು ಭಾವಿಸಬಾರದು. ಔಷಧಕ್ಕೂ ಒಂದು ಬೆಲೆಯುಂಟು. 54 ಮೆಗಾಬಿಟ್ ವೇಗದಲ್ಲಿ 1500 ಬೈಟುಗಳ ಪೊಟ್ಟಣ ಹೊರಡಲು ಸುಮಾರು 250 ಮೈಕ್ರೊಸೆಕೆಂಡು. ಓಗೊಡುವ ಮೊದಲಿನ ತಡೆ 16, ಓಗೊಡುವಿಕೆಗೆ 28. ಇಷ್ಟಲ್ಲದೆ, ಮಾತಿಗೆ ಮುನ್ನ ಗಾಳಿ ಮೌನವಾಗಿದೆಯೇ ಎಂದು ಆಲಿಸಲು 16ರ ಜೊತೆಗೆ ಎರಡು ಸ್ಲಾಟ್, ಅನಂತರ ಇಬ್ಬರೂ ಒಟ್ಟಿಗೆ ಬಾಯಿ ತೆರೆಯದಿರಲೆಂದು ಸರಾಸರಿ ಏಳೂವರೆ ಸ್ಲಾಟ್. ಹತ್ತಿರದ ಸಂಪರ್ಕದಲ್ಲಿ ಸ್ಲಾಟ್ 9 ಮೈಕ್ರೊಸೆಕೆಂಡಾದ್ದರಿಂದ ಒಟ್ಟು ಸುಮಾರು 395. ಎಂದರೆ ಸೆಕೆಂಡಿಗೆ 30 ಮೆಗಾಬಿಟ್ ನಿಜವಾದ ಫಲ. ದೂರದ ಸಂಪರ್ಕದಲ್ಲಿ ಆಚೆಯವನ ದನಿ ತಡವಾಗಿ ಕೇಳಿಸುವುದರಿಂದ ಸ್ಲಾಟನ್ನೂ ಹಿಗ್ಗಿಸಬೇಕು. 9ಕ್ಕೆ 102 ಸೇರಿ 111 ಆಗುತ್ತದೆ. ಆಲಿಸುವಿಕೆಗೆ 238, ಸರಾಸರಿ ತಡೆಗೆ 832, ದಾರಿಗೆ 100. ಎಲ್ಲ ಕೂಡಿ ಸುಮಾರು 1,464 ಮೈಕ್ರೊಸೆಕೆಂಡು. ಫಲ ಸೆಕೆಂಡಿಗೆ 8 ಮೆಗಾಬಿಟ್ಟಿಗೆ ಇಳಿಯಿತು. ಪೊಟ್ಟಣವು ಗಾಳಿಯಲ್ಲಿರುವ ಕಾಲಕ್ಕಿಂತ ಯಂತ್ರಗಳು ಸುಮ್ಮನಿರುವ ಕಾಲವೇ ಹಲವು ಪಟ್ಟು!

ಹೀಗಿರಲು, ಪ್ರತಿ ಮಾತಿಗೂ ಓಗೊಡಬೇಕೆಂಬ ಪದ್ಧತಿಯನ್ನೇ ಏಕೆ ಬಿಡಬಾರದು? ಈ ಪ್ರಶ್ನೆಯನ್ನು ಭಾರತದ ಬಯಲುಗಳಲ್ಲಿಯೇ ಗಂಭೀರವಾಗಿ ಕೇಳಲಾಯಿತು. ಕಾನ್ಪುರದ ಐಐಟಿಯವರು ಗಂಗಾ ಬಯಲಿನ ಹಳ್ಳಿಗಳನ್ನು ದೂರದ ವೈ-ಫೈಯಿಂದ ಹೆಣೆದು ನೋಡಿದರು. ಆ ಅನುಭವದಿಂದ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು ಅವರು 2005ರಲ್ಲಿ ಒಂದು ಹೊಸ ಪದ್ಧತಿಯನ್ನು ಪ್ರಕಟಿಸಿದರು. ಒಂದೇ ಕಂಬದ ಮೇಲೆ ಮೂರು ದಿಕ್ಕಿಗೆ ಮೂರು ಆಂಟೆನಾಗಳಿದ್ದರೆ, ಒಂದು ಕೂಗುವಾಗ ಪಕ್ಕದ್ದು ಕಿವುಡಾಗುತ್ತದೆ. ಆದಕಾರಣ ಆ ಕಂಬದ ಆಂಟೆನಾಗಳೆಲ್ಲವೂ ಒಟ್ಟಿಗೆ ಕಳುಹಿಸಲಿ, ಅನಂತರ ಒಟ್ಟಿಗೆ ಕೇಳಲಿ ಎಂಬುದು ಅವರ ಸೂತ್ರ. ತಮಿಳುನಾಡಿನ ತೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯು ಹಳ್ಳಿಯ ನೇತ್ರಕೇಂದ್ರಗಳ ರೋಗಿಗಳನ್ನು ದೂರದಿಂದಲೇ ಮುಖತಃ ಮಾತನಾಡಿಸುವಂತೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ತಂಡವು ಇಂಥದೇ ಸಂಪರ್ಕಗಳನ್ನು ಕಟ್ಟಿತು. 2007ರಲ್ಲಿ ಪ್ರಕಟವಾದ ಅವರ ‘ವೈಲ್ಡ್‌ನೆಟ್’ ಪದ್ಧತಿಯು ಚಿಪ್ಪಿನ ಓಗೊಡುವಿಕೆಯನ್ನು ನಿಲ್ಲಿಸಿಬಿಟ್ಟು, ಇಬ್ಬರಿಗೂ ಸರದಿಯ ಪ್ರಕಾರ ವೇಳೆ ಹಂಚಿ, ಹಲವಾರು ಪೊಟ್ಟಣಗಳಿಗೆ ಒಂದೇ ಸಲ ಲೆಕ್ಕ ಒಪ್ಪಿಸುತ್ತಿತ್ತು. ದೂರದ ಸಂಪರ್ಕಗಳಲ್ಲಿ ವೇಗವು 2ರಿಂದ 5 ಪಟ್ಟು ಏರಿತೆಂದು ಅವರು ವರದಿಮಾಡಿದರು. ಮುಂದೆ 2009ರಲ್ಲಿ ಅಂಗೀಕೃತವಾದ ‘802.11ಎನ್’ ನಿಯಮದಲ್ಲಿ 64 ಪೊಟ್ಟಣಗಳವರೆಗೂ ಒಟ್ಟಿಗೆ ಕಟ್ಟಿ ಒಂದೇ ಓಗೊಡುವಿಕೆ ಪಡೆಯುವ ಏರ್ಪಾಡು ಬಂದುದರಿಂದ, ಇಂದಿನ ಸಾಮಾನ್ಯ ರೂಟರಿನಲ್ಲಿಯೂ ನಾವು ಮೇಲೆ ಲೆಕ್ಕಹಾಕಿದ ನಷ್ಟ ಬಹುಮಟ್ಟಿಗೆ ತಗ್ಗಿದೆ.

ಇಂಥ ತಂತ್ರಾಂಶವನ್ನು ಕಟ್ಟುವ, ದುರಸ್ತಿಮಾಡುವ ಕೆಲಸವು ಪ್ರತ್ಯಕ್ಷದಲ್ಲಿ ಹೇಗಿರುತ್ತದೆ? ಓಪನ್‌ಡಬ್ಲ್ಯುಆರ್‌ಟಿಯ ಮೂಲಪಾಠವನ್ನು ಯಾವ ವಿದ್ಯಾರ್ಥಿಯಾದರೂ ಇಳಿಸಿಕೊಳ್ಳಬಹುದು. ನಮ್ಮ ಗಣಕದ ಚಿಪ್ಪಿನ ಭಾಷೆ ಬೇರೆ, ರೂಟರಿನ ಚಿಪ್ಪಿನ ಭಾಷೆ ಬೇರೆಯಾದ್ದರಿಂದ, ಗಣಕದ ಮೇಲೆ ಕುಳಿತು ರೂಟರಿನ ಭಾಷೆಗೆ ಅನುವಾದಿಸುವ ಉಪಕರಣಗಳನ್ನೇ ಮೊದಲು ಕಟ್ಟಿಕೊಳ್ಳಬೇಕಾಗುತ್ತದೆ. ಮೊದಲ ಸಲ ಇದಕ್ಕೆ ಗಂಟೆಗಳೇ ಹಿಡಿಯಬಹುದು. ಎರಡನೆಯ ಸಲ ನಿಮಿಷಗಳು. ಸಿದ್ಧವಾದುದನ್ನು ರೂಟರಿಗೆ ತುಂಬಿದಾಗ ತಪ್ಪಾಗಿ, ಯಂತ್ರವು ಉಸಿರೆತ್ತದೆ ಇಟ್ಟಿಗೆಯಂತೆ ಕೂತುಬಿಡುವುದೂ ಉಂಟು. ಹೆದರಬೇಕಾಗಿಲ್ಲ. ಪೆಟ್ಟಿಗೆ ಬಿಚ್ಚಿದರೆ ಫಲಕದ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ಚುಕ್ಕಿಗಳು ಕಾಣಿಸುತ್ತವೆ. ಅವುಗಳ ಮೂಲಕ ಯಂತ್ರದೊಡನೆ ನೇರವಾಗಿ ಮಾತನಾಡಿ ಬದುಕಿಸಿಕೊಳ್ಳಬಹುದು. ಅಲ್ಲಿರುವುದು ಬಹುಮಟ್ಟಿಗೆ 3.3 ವೋಲ್ಟಿನ ಸಂಕೇತ. ಹಳೆಯ ಗಣಕದ ಸರಣಿ ಕೇಬಲ್ಲಿನ ಹೆಚ್ಚಿನ ವೋಲ್ಟನ್ನು ಕೊಟ್ಟರೆ ನಿಜವಾಗಿಯೂ ಇಟ್ಟಿಗೆಯಾದೀತು.

ತಂತ್ರಾಂಶವು ನಿತ್ಯ ಬದಲಾಗುತ್ತಿರುವ ವಸ್ತು. ಕಳೆದ ವರುಷ ಚೆನ್ನಾಗಿದ್ದ ಸಂಪರ್ಕ ಹೊಸ ಆವೃತ್ತಿಯನ್ನು ತುಂಬಿದ ಮೇಲೆ ಕುಂಟುತ್ತಿದೆಯೆನ್ನಿ. ನಡುವೆ ಜಗತ್ತಿನ ನಾನಾ ಕಡೆಯವರು ಮಾಡಿದ 1,024 ತಿದ್ದುಪಡಿಗಳಿವೆ, ತಪ್ಪು ಅವುಗಳಲ್ಲೊಂದರಲ್ಲಿದೆ. ಒಂದೊಂದನ್ನೇ ಪರೀಕ್ಷಿಸಬೇಕೆ? ನಾಲೆಯ ಮೇಲ್ತುದಿಯಲ್ಲಿ ಬಿಟ್ಟ ನೀರು ಕೊನೆಯ ಗದ್ದೆಗೆ ಬಾರದಿದ್ದಾಗ ಜಾಣ ರೈತನು ನಾಲೆಯುದ್ದಕ್ಕೂ ಹೆಜ್ಜೆ ಹೆಜ್ಜೆಗೆ ಬಗ್ಗಿ ನೋಡುವುದಿಲ್ಲ. ಸರಿಯಾಗಿ ನಡುವಣ ತೂಬಿಗೆ ಹೋಗುತ್ತಾನೆ. ಅಲ್ಲಿ ನೀರು ತುಂಬಿದ್ದರೆ ಸೋರಿಕೆ ಕೆಳಗಿನ ಅರ್ಧದಲ್ಲಿ. ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾನೆ. 1,024, 512, 256 ಎಂದು ಇಳಿಯುತ್ತ ಹತ್ತನೆಯ ಪರೀಕ್ಷೆಗೆ ಒಂದೇ ಒಂದು ತಿದ್ದುಪಡಿ ಉಳಿಯುತ್ತದೆ. ಮೂಲಪಾಠದ ಇತಿಹಾಸವನ್ನು ಕಾಪಾಡುವ ‘ಗಿಟ್’ ಎಂಬ ಉಪಕರಣಕ್ಕೆ ಈ ವಿದ್ಯೆ ಗೊತ್ತು. ಯಾವ ಆವೃತ್ತಿಯನ್ನು ಪರೀಕ್ಷಿಸಬೇಕೆಂದು ಅದೇ ಹೇಳುತ್ತದೆ, ನೀರಿದೆಯೇ ಇಲ್ಲವೇ ಎಂದು ನಾವು ಹೇಳಿದರೆ ಸಾಕು.

ದೋಷ ಸಿಕ್ಕಿದ ಮೇಲೆ ತಿದ್ದಿದ ಸಾಲುಗಳನ್ನು ಮಾತ್ರ, ತೆಗೆದುದಕ್ಕೆ ಕಳೆಯುವ ಚಿಹ್ನೆಯನ್ನೂ ಸೇರಿಸಿದುದಕ್ಕೆ ಕೂಡುವ ಚಿಹ್ನೆಯನ್ನೂ ಹಾಕಿ, ಕಾರಣವನ್ನು ವಿವರಿಸಿ, ಆ ಭಾಗದ ಪಾಲಕರಿಗೆ ಕಳುಹಿಸುತ್ತಾರೆ. ಕೆಳಗೆ ಸಹಿ ಇರಬೇಕು: ಇದು ನಾನು ಕೊಡಲು ಹಕ್ಕುಳ್ಳ ಕೆಲಸ ಎಂಬ ಅರ್ಥದ ಆ ಸಹಿಯ ಪದ್ಧತಿಯನ್ನು ಲಿನಕ್ಸಿನವರು 2004ರಲ್ಲಿ ಆರಂಭಿಸಿದರು. ಪಾಲಕರು ಬಹಳ ಕಟ್ಟುನಿಟ್ಟಿನವರು. ಮೂರು ಸಾಲಿನ ತಿದ್ದುಪಡಿಯೂ ನಾಲ್ಕು ಸಲ ಹಿಂದಿರುಗಿ ಬರಬಹುದು. ಕಾಲೇಜಿನ ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಒಂದೇ ಸಲಕ್ಕೆ ರುಜು ಬೀಳುವುದೆಂದು ಯಾರೂ ಎಣಿಸಬಾರದು.

ತಂತ್ರಾಂಶವು ಎಷ್ಟೇ ಚೆನ್ನಾಗಿದ್ದರೂ ತರಂಗಕ್ಕೆ ದಾರಿ ಬೇಕಲ್ಲವೆ? ಆಂಟೆನಾಗಳು ಒಂದಕ್ಕೊಂದು ಕಂಡರಷ್ಟೇ ಸಾಲದು. 15 ಕಿಲೋಮೀಟರಿನ ದಾರಿಯ ನಟ್ಟನಡುವೆ, 5.8 ಗಿಗಾಹರ್ಟ್ಸಿನ ತರಂಗಕ್ಕೆ ನೋಟದ ರೇಖೆಯ ಸುತ್ತಲೂ ಸುಮಾರು 14 ಮೀಟರು ತ್ರಿಜ್ಯದ ಅವಕಾಶ ಬೇಕಾಗುತ್ತದೆ. ಅದರಲ್ಲಿ ನೂರಕ್ಕೆ ಅರುವತ್ತು ಪಾಲಾದರೂ, ಎಂದರೆ 8 ಮೀಟರಿಗಿಂತ ತುಸು ಹೆಚ್ಚು, ಬರಿದಾಗಿರಬೇಕು. ಭೂಮಿಯ ದುಂಡುತನದಿಂದ ನಡುಭಾಗ ಮೂರು ಮೀಟರಿಗೂ ಮಿಗಿಲಾಗಿ ಉಬ್ಬಿ ನಿಂತಿರುತ್ತದೆ. ಅಡಕೆ, ತೆಂಗಿನ ತೋಟಗಳ ಎತ್ತರವನ್ನು ಇದಕ್ಕೆ ಕೂಡಿಸಿಕೊಂಡು ಕಂಬದ ಎತ್ತರವನ್ನು ಗೊತ್ತುಮಾಡಬೇಕು. ಕಾನೂನಿನ ಮಾತೂ ಉಂಟು: ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯು 2005ರಲ್ಲಿಯೂ 5 ಗಿಗಾಹರ್ಟ್ಸಿನ ವಿಶಾಲ ಭಾಗವು 2018ರಲ್ಲಿಯೂ ಪರವಾನಗಿಯ ಕಟ್ಟಿನಿಂದ ಬಿಡುಗಡೆಯಾದವು. ಆದರೆ ಶಕ್ತಿಯ ಮಿತಿ ಹಾಗೆಯೇ ಇದೆ. ಮಿತಿಮೀರಿ ಕೂಗುವ ಯಂತ್ರ ನೆರೆಯವರಿಗೆಲ್ಲ ತೊಂದರೆ.

ದಾವಣಗೆರೆಯಂಥ ಬಯಲಿನಲ್ಲಿ ಒಂದೇ ನೆಗೆತಕ್ಕೆ ದಾಟಬಹುದು. ಗುಡ್ಡಗಾಡಿನಲ್ಲಿ ಹಾಗಾಗದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ‘ಜನಸ್ತು’ ಎಂಬ ಲಾಭರಹಿತ ಸಂಸ್ಥೆಯು ಸಮುದಾಯದ ಒಡೆತನದ ವೈ-ಫೈ ಜಾಲವನ್ನು ಬೆಳೆಸಿದೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಹಸು ಎಂಬ ಅರ್ಥ ಬರುವುದರಿಂದ ಅದನ್ನು ‘ಕೌ-ಮೆಶ್’ ಎಂದು ಕರೆಯುತ್ತಾರೆ. ಹೊರಗಿನ ಅಂತರಜಾಲ ಇಲ್ಲದಾಗಲೂ ಹಳ್ಳಿಗರು ತಮ್ಮ ತಮ್ಮಲ್ಲೇ ಧ್ವನಿ, ಚಿತ್ರಗಳನ್ನು ಹಂಚಿಕೊಳ್ಳಬಹುದೆಂಬುದು ಇಂಥ ಜಾಲದ ವಿಶೇಷ. ಇಲ್ಲಿ ಪೊಟ್ಟಣವು ಮನೆಯಿಂದ ಮನೆಗೆ ಹಾರುತ್ತ ಹೋಗಬೇಕು. ದಾರಿ ತೋರಿಸುವವರು ಯಾರು? ಸಮುದಾಯ ಜಾಲಗಳಲ್ಲಿ ಪ್ರಚಾರದಲ್ಲಿರುವ ‘ಬ್ಯಾಟ್‌ಮನ್’ ಎಂಬ ಮುಕ್ತ ಪದ್ಧತಿಯು ಬರ್ಲಿನ್ನಿನ ಸಮುದಾಯ ಜಾಲದವರಿಂದ ಮೊದಲಾಗಿ 2011ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. ಅದರ ತತ್ತ್ವ ನಮ್ಮ ದಾರಿಹೋಕರಿಗೆ ಹೊಸದಲ್ಲ. ಅಪರಿಚಿತ ಸೀಮೆಯಲ್ಲಿ ಲೋಕಿಕೆರೆಗೆ ದಾರಿ ಕೇಳಿದರೆ, ಎದುರಾದವರು ಇಡೀ ನಕ್ಷೆಯನ್ನು ಬಿಡಿಸಿಕೊಡುವುದಿಲ್ಲ. “ಹೀಗೆ ಹೋಗಿ, ಮುಂದಿನ ಊರಿನಲ್ಲಿ ಕೇಳಿ” ಎನ್ನುತ್ತಾರೆ. ಪ್ರತಿಯೊಂದು ರೂಟರೂ ಆಗಾಗ “ನಾನಿದ್ದೇನೆ” ಎಂದು ಸಾರುತ್ತದೆ. ಆ ಸಾರುವಿಕೆ ಯಾವ ನೆರೆಯವನ ಮೂಲಕ ಹೆಚ್ಚು ಚೆನ್ನಾಗಿ ಬಂದು ತಲಪುತ್ತದೋ ಅತ್ತ ಪೊಟ್ಟಣವನ್ನು ತಳ್ಳಿದರಾಯಿತು. ನಡುವಣ ಮನೆಯಲ್ಲಿ ವಿದ್ಯುತ್ತು ಹೋದರೆ ಕೊಂಚ ಹೊತ್ತಿನಲ್ಲಿ ಜಾಲವು ತಾನಾಗಿ ಬೇರೆ ದಾರಿ ಹಿಡಿಯುತ್ತದೆ. ಕೊರತೆಯೂ ಇಲ್ಲದಿಲ್ಲ: ಒಂದೇ ರೇಡಿಯೋ ಇರುವ ರೂಟರು ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು, ಒಂದು ನೆಗೆತ ಹೆಚ್ಚಿದರೆ ವೇಗವು ಅರ್ಧಕ್ಕೆ ಬೀಳುತ್ತದೆ.

ವೈ-ಫೈಯನ್ನು ದಾಟಿ ಮೊಬೈಲ್ ದೂರವಾಣಿಯ ಜಾಲವನ್ನೇ ಮುಕ್ತ ತಂತ್ರಾಂಶದಿಂದ ಕಟ್ಟುವ ಪ್ರಯತ್ನವೂ ನಮ್ಮಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಇತರ ಸಂಸ್ಥೆಗಳೊಡನೆ ಕೂಡಿ ಈ ಕಾರ್ಯದಲ್ಲಿ ತೊಡಗಿದೆ. ಅಲ್ಲಿ ಅಡಕಲಿನ ಗಡಿಗೆಗಳು ಇನ್ನೂ ಹೆಚ್ಚು, ಅವಧಿಗಳ ಲೆಕ್ಕ ಇನ್ನೂ ಸೂಕ್ಷ್ಮ. ಅದನ್ನು ಬೇರೊಂದು ಲೇಖನದಲ್ಲಿಯೇ ವಿವರಿಸಬೇಕಾದೀತು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ದಾವಣಗೆರೆಯಿಂದ ಹರಿಹರಕ್ಕೆ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರು. ಆಂಟೆನಾಗಳ ನಡುವಣ ನೇರ ದೂರ 13 ಕಿಲೋಮೀಟರು ಎಂದಿಟ್ಟುಕೊಂಡು ವ್ಯಾಪ್ತಿ ವರ್ಗ ಎಷ್ಟು, ಸ್ಲಾಟಿನ ಅವಧಿ ಎಷ್ಟು, 1500 ಬೈಟುಗಳ ಒಂದೊಂದು ಪೊಟ್ಟಣಕ್ಕೂ ಒಂದೊಂದು ಓಗೊಡುವಿಕೆಯೆಂಬ ಹಳೆಯ ಪದ್ಧತಿಯಲ್ಲಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಸಾಗುತ್ತದೆ ಎಂಬುದನ್ನು ಕಂಡುಹಿಡಿಯಿರಿ. ಮೊದಲ ಎರಡರ ಉತ್ತರ 29 ಮತ್ತು 96 ಮೈಕ್ರೊಸೆಕೆಂಡು. ಮೂರನೆಯದು ಒಂಬತ್ತರಿಂದ ತುಸು ಮೇಲೆ ಬರಬೇಕು.